ಗೆದ್ದವರು ಮನೆ ಸೇರಿದ ಮೇಲೆ ದಡಕ್ಕೆ ಬರುವ ದೋಣಿಗಳು

ಮೆಲ್ಬರ್ನ್ ಊರಿನ ಅಂಚಿನಲ್ಲಿ, ಪೋರ್ಟ್ ಫಿಲಿಪ್ ಕೊಲ್ಲಿಯ ದಂಡೆಯ ಮೇಲೆ ಒಂದು ಸಣ್ಣ ಟ್ರೇಲರ್ ಯಾಟ್ ಕ್ಲಬ್ ಇದೆ. ಹೆಸರು ಬೇಡ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಶನಿವಾರ ಮಧ್ಯಾಹ್ನ ಹಾಯಿದೋಣಿಗಳ ರೇಸ್ ನಡೆಯುತ್ತದೆ. ಫಲಿತಾಂಶದ ಲೆಕ್ಕ ಹಾಕುವ ಕೆಲಸ ನನ್ನದು. ಇಂಡಿಯಾದವನು, ಕಂಪ್ಯೂಟರ್ ಕೆಲಸದವನು ಅಂದ ಕೂಡಲೇ ಇದು ತಾನಾಗಿ ನನ್ನ ಹೆಗಲಿಗೆ ಬಿತ್ತು, ಅದು ಬೇರೆ ಮಾತು. ಕೆಲವು ವರ್ಷಗಳ ಹಿಂದೆ ಸೀಸನ್ ನಡುವೆ ದೋಣಿಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಜಗಳವಿಲ್ಲ, ರಾಜೀನಾಮೆ ಇಲ್ಲ. ಸುಮ್ನೆ ಬರುವುದನ್ನು ಬಿಟ್ಟರು. ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಹ್ಯಾಂಡಿಕ್ಯಾಪ್ (ನಿಧಾನ ದೋಣಿಗೂ ಗೆಲ್ಲುವ ಅವಕಾಶ ಕೊಡುವ ಲೆಕ್ಕ) ಸರಿಯಿಲ್ಲ. ನಾನು ನೋಡಿದ ಮಟ್ಟಿಗೆ ಹ್ಯಾಂಡಿಕ್ಯಾಪ್ ಸರಿಯಾಗಿಯೇ ಇತ್ತು. ಎಡವಟ್ಟು ಇದ್ದದ್ದು ಬೇರೆ ಕಡೆ.

ಈ ದೋಣಿಗಳ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗುವಂತಿಲ್ಲ. ಟ್ರೇಲರ್ ಯಾಟ್ ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗಬಹುದಾದ ಹಾಯಿದೋಣಿ. ಉದ್ದ ಹೆಚ್ಚಾಗಿ 16ರಿಂದ 26 ಅಡಿ. ತಳದಿಂದ ನೀರಿಗೆ ಇಳಿದಿರುವ ಹಲಗೆಯನ್ನು, ಅಂದರೆ ಕೀಲ್ ಅನ್ನು, ಮೇಲಕ್ಕೆ ಎತ್ತಿಕೊಳ್ಳಬಹುದು, ಹಾಯಿ ಕಟ್ಟುವ ಕಂಬವಾದ ಮಾಸ್ಟನ್ನು ಮಲಗಿಸಬಹುದು. ಒಳಗೆ ನಾಲ್ಕು ಜನ ಒತ್ತೊತ್ತಾಗಿ ಮಲಗುವಷ್ಟು ಜಾಗ, ಚಹಾ ಕಾಯಿಸಲು ಒಂದು ಸ್ಟವ್. ಅಗಲ ಮಾತ್ರ 2.5 ಮೀಟರ್ ದಾಟಬಾರದು. ದಾಟಿದರೆ ಆಸ್ಟ್ರೇಲಿಯಾದ ರಸ್ತೆಯಲ್ಲಿ ಅದನ್ನು ಎಳೆಯಲು ಪರ್ಮಿಟ್ ಬೇಕು. ಹಾಗಾಗಿ ನೀರಲ್ಲಿ ಓಡುವ ದೋಣಿ ಎಷ್ಟು ಅಗಲ ಇರಬೇಕು ಅನ್ನುವುದನ್ನು ಇಲ್ಲಿ ರಸ್ತೆಯ ಕಾನೂನು ತೀರ್ಮಾನಿಸುತ್ತದೆ.

ಇದು ದುಡ್ಡಿದ್ದವರ ಆಟ ಅಂತ ಅಂದುಕೊಳ್ಳಬೇಡಿ. ದೋಣಿಗಳನ್ನು ನೀರಿನಲ್ಲೇ ಕಟ್ಟಿ ನಿಲ್ಲಿಸುವ ಮರೀನಾದಲ್ಲಿ ಜಾಗಕ್ಕೆ ಬಾಡಿಗೆ ಕಟ್ಟಲು ಆಗದವರೇ ಟ್ರೇಲರ್ ಯಾಟ್ ಇಟ್ಟುಕೊಳ್ಳುವುದು. ವಾರವೆಲ್ಲ ಅದು ಮನೆ ಪಕ್ಕದಲ್ಲಿ ಟಾರ್ಪಾಲಿನ್ ಹೊದ್ದು ನಿಂತಿರುತ್ತದೆ. ನ್ಯೂಜಿಲೆಂಡಿನ ರಿಚರ್ಡ್ ಹಾರ್ಟ್ಲಿ ರೂಪಿಸಿದ 16 ಅಡಿಯ ಟಿಎಸ್16 ದೋಣಿಯನ್ನು ಎಷ್ಟೋ ಜನ ಪ್ಲೈವುಡ್ ತಂದು ಹಿತ್ತಿಲಲ್ಲೇ ಕಟ್ಟಿದರು. ಆಮೇಲೆ ಫೈಬರ್‌ಗ್ಲಾಸ್ ದೋಣಿಗಳು ಬಂದವು. ಆಸ್ಟ್ರೇಲಿಯಾದ ರಾಬ್ ಲೆಗ್ ಅವರ ಆರ್‌ಎಲ್24 ಇವತ್ತಿಗೂ ದೋಣಿ ನೀರಿಗಿಳಿಸುವ ರ‍್ಯಾಂಪಿನ ಮೇಲೆ ಕಾಣಸಿಗುತ್ತದೆ. ವಿಕ್ಟೋರಿಯಾದ ಗಿಪ್ಸ್‌ಲ್ಯಾಂಡ್ ಸರೋವರಗಳಲ್ಲಿ ಮಾರ್ಲೆ ಪಾಯಿಂಟ್‌ನಿಂದ ಪೇನ್ಸ್‌ವಿಲ್‌ಗೆ ರಾತ್ರಿಯಿಡೀ ನಡೆಯುವ ರೇಸ್ 1969ರಲ್ಲಿ ಶುರುವಾದದ್ದು ಇಂಥ ದೋಣಿಗಳಿಗಾಗಿಯೇ.

ನಮ್ಮ ಕ್ಲಬ್ಬಿನಲ್ಲಿ ಎಲ್ಲ ತರದ ದೋಣಿಗಳಿವೆ. ಎಪ್ಪತ್ತರ ದಶಕದ ಹದಿನೆಂಟು ಅಡಿಯ ಕುಟುಂಬ ದೋಣಿಗಳು ಒಂದಷ್ಟು, ಅವಕ್ಕಿಂತ ಸ್ವಲ್ಪ ಚುರುಕಾದ 22-25 ಅಡಿಯವು ಒಂದಷ್ಟು. ತಕರಾರು ಎದ್ದ ಆ ವರ್ಷ ಒಂದು ಸ್ಪೋರ್ಟ್ಸ್ ಬೋಟ್ ಬಂದು ಸೇರಿತು. ಹಗುರ ಒಡಲು, ಮೂತಿಯಿಂದ ಮುಂದಕ್ಕೆ ಚಾಚುವ ಕೋಲು, ಅದರ ತುದಿಗೆ ಕಟ್ಟುವ ಭಾರಿ ಸ್ಪಿನಕರ್, ಅಂದರೆ ಬಲೂನಿನಂತೆ ಉಬ್ಬುವ ಹಾಯಿ. ಕ್ಯಾಬಿನ್ ಹೆಸರಿಗೆ ಮಾತ್ರ. ಗಾಳಿ ಹಿಂದಿನಿಂದ ಬಂದರೆ ಅದು ನೀರನ್ನು ಸೀಳುವುದಿಲ್ಲ, ನೀರಿನ ಮೇಲೆ ಹತ್ತಿ ಜಾರುತ್ತದೆ. ಹಳೆಯ ದೋಣಿಯವರು ಮೊದಮೊದಲು ಅದನ್ನು ನೋಡಿ ಚಪ್ಪಾಳೆ ತಟ್ಟಿದರು. ಎರಡು ತಿಂಗಳಾದ ಮೇಲೆ ಯಾರೂ ತಟ್ಟಲಿಲ್ಲ.

ಹ್ಯಾಂಡಿಕ್ಯಾಪ್ ಕೆಲಸ ಮಾಡುವ ರೀತಿ

ಹುಡುಗರಾಗಿದ್ದಾಗ ಗೋಲಿ ಆಟದಲ್ಲಿ ಚಿಕ್ಕವನಿಗೆ ಎರಡು ಹೆಜ್ಜೆ ಮುಂದೆ ನಿಂತು ಹೊಡೆಯಲು ಬಿಡುತ್ತಿದ್ದೆವು. ಹ್ಯಾಂಡಿಕ್ಯಾಪ್ ಅಂದರೆ ಅದೇ, ಲೆಕ್ಕ ಮಾತ್ರ ಕಾಗದದ ಮೇಲೆ. ಆಸ್ಟ್ರೇಲಿಯಾದ ಟ್ರೇಲರ್ ಯಾಟ್‌ಗಳಿಗೆ ಕ್ಲಾಸ್ ಬೇಸ್ಡ್ ಹ್ಯಾಂಡಿಕ್ಯಾಪ್ ಎಂಬ ಪದ್ಧತಿ ಇದೆ. ಎಲ್ಲರೂ ಸಿಬಿಎಚ್ ಅನ್ನುತ್ತಾರೆ. ದೋಣಿಯ ಮಾದರಿಗೆ ಒಂದು ಅಂಕಿ ಕೊಟ್ಟಿರುತ್ತಾರೆ. ದೋಣಿ ರೇಸ್ ಮುಗಿಸಲು ತೆಗೆದುಕೊಂಡ ಸಮಯವನ್ನು ಆ ಅಂಕಿಯಿಂದ ಗುಣಿಸಬೇಕು. ಬಂದ ಉತ್ತರ ಯಾರದ್ದು ಕಡಿಮೆಯೋ ಅವರು ಗೆದ್ದ ಹಾಗೆ. ಚುರುಕು ದೋಣಿಗೆ ದೊಡ್ಡ ಅಂಕಿ, ನಿಧಾನದ್ದಕ್ಕೆ ಸಣ್ಣದು.

ಇದು ದೋಣಿಯ ಹ್ಯಾಂಡಿಕ್ಯಾಪ್. ನಡೆಸುವವರ ಕೈಚಳಕ ಇದರಲ್ಲಿ ಬರುವುದಿಲ್ಲ. ಅದಕ್ಕೆ ಇನ್ನೊಂದು ಪದ್ಧತಿ ಇದೆ, ಪರ್ಫಾರ್ಮೆನ್ಸ್ ಹ್ಯಾಂಡಿಕ್ಯಾಪ್. ಅದರಲ್ಲಿ ಪ್ರತಿ ರೇಸ್ ಆದ ಮೇಲೆ ಅಂಕಿ ಸ್ವಲ್ಪ ಬದಲಾಗುತ್ತದೆ. ಚೆನ್ನಾಗಿ ಓಡಿಸಿದವನ ಅಂಕಿ ಏರುತ್ತದೆ, ಹಿಂದೆ ಬಿದ್ದವನದ್ದು ಇಳಿಯುತ್ತದೆ. ಒಂದೇ ದಿನದ ಅದೃಷ್ಟಕ್ಕೆ ಅಂಕಿ ಎಗರಾಡಬಾರದು ಅಂತ ಏರಿಳಿತಕ್ಕೆ ಮಿತಿಯೂ ಇರುತ್ತದೆ. ಆಸ್ಟ್ರೇಲಿಯಾದಲ್ಲೇ ಹುಟ್ಟಿದ ಟಾಪ್‌ಯಾಟ್ ಎಂಬ ಸಾಫ್ಟ್‌ವೇರ್ ಈ ಲೆಕ್ಕವನ್ನೆಲ್ಲ ತಾನೇ ಮಾಡುತ್ತದೆ. ನಮ್ಮಲ್ಲಿ ಎರಡೂ ಪಟ್ಟಿ ಹಾಕುತ್ತಿದ್ದೆವು, ಎರಡಕ್ಕೂ ಬೇರೆ ಬೇರೆ ಬಹುಮಾನ. ಬಹುಮಾನ ಅಂದರೆ ಒಂದು ವೈನ್ ಬಾಟಲಿ, ಅಷ್ಟೇ.

ಜನವರಿಯಲ್ಲಿ ಒಂದು ಸಂಜೆ ಕಮೋಡೋರ್ ಸಭೆ ಕರೆದರು. ಕಮೋಡೋರ್ ಅಂದರೆ ಕ್ಲಬ್ಬಿನ ಅಧ್ಯಕ್ಷರು. ಸಭೆಯಲ್ಲಿ ಮೂರು ಗುಂಪು. ಒಂದು ಗುಂಪು ಸ್ಪೋರ್ಟ್ಸ್ ಬೋಟನ್ನೇ ಬೇರೆ ವಿಭಾಗಕ್ಕೆ ಹಾಕಿ ಅಂದಿತು. ಹಾಕಿದರೆ ಆ ವಿಭಾಗದಲ್ಲಿ ಅದೊಂದೇ ದೋಣಿ ಇರುತ್ತದೆ ಅಂತ ಯಾರೋ ನೆನಪಿಸಿದರು. ಎರಡನೆಯ ಗುಂಪು ಸಿಬಿಎಚ್ ಬಿಟ್ಟು ಪೂರ್ತಿ ಪರ್ಫಾರ್ಮೆನ್ಸ್ ಹ್ಯಾಂಡಿಕ್ಯಾಪ್‌ಗೆ ಹೋಗೋಣ ಅಂದಿತು. ಮೂರನೆಯ ಗುಂಪಿನಲ್ಲಿ ಇದ್ದವರು ಸ್ಪೋರ್ಟ್ಸ್ ಬೋಟಿನ ಯಜಮಾನ ಮತ್ತು ಅವರ ಇಬ್ಬರು ಸಂಗಡಿಗರು. ಯಜಮಾನರು ಒಂದೇ ಮಾತು ಕೇಳಿದರು: ‘ನಾನು ಗೆದ್ದ ರೇಸ್‌ಗಳಲ್ಲಿ ಎಷ್ಟು ದೋಣಿಗಳು ಕೊನೆ ಮುಟ್ಟಿದ್ದವು?’ ಅದು ಸಿಟ್ಟಿನಲ್ಲಿ ಕೇಳಿದ ಮಾತು. ಆದರೆ ಆ ಸಂಜೆ ಕೇಳಿಬಂದ ಅತ್ಯಂತ ಉಪಯೋಗದ ಪ್ರಶ್ನೆ ಅದೇ. ಪಟ್ಟಿ ತೆಗೆದು ನೋಡು ಅಂತ ಕಮೋಡೋರ್ ನನಗೆ ಹೇಳಿದರು.

ಪಟ್ಟಿಯಲ್ಲಿ ಇದ್ದದ್ದು

ಪಟ್ಟಿಯನ್ನು ಗೆದ್ದವರ ಕಡೆಯಿಂದ ನೋಡುವುದು ರೂಢಿ. ನಾನು ತಳದಿಂದ ನೋಡಿದೆ. ತಳದಲ್ಲಿ ಪದೇ ಪದೇ ಮೂರು ಅಕ್ಷರ ಕಾಣುತ್ತಿತ್ತು: ಡಿಎನ್ಎಫ್. ರೇಸ್ ಮುಗಿಸಲಿಲ್ಲ ಅಂತ ಅರ್ಥ. ಜೋರು ಗಾಳಿಯ ದಿನ ಕಡಿಮೆ, ಮಂದ ಗಾಳಿಯ ದಿನ ಜಾಸ್ತಿ. ಯಾವಾಗಲೂ ಅದೇ ಹಳೆಯ ಕುಟುಂಬ ದೋಣಿಗಳು. ಸೀಸನ್ ನಡುವೆ ಬರುವುದು ಬಿಟ್ಟವರೂ ಬಹುಪಾಲು ಅವರೇ.

ಅವರು ಅರ್ಧದಲ್ಲಿ ಬಿಟ್ಟು ಹೋದವರೇನಲ್ಲ. ಪೂರ್ತಿ ಸುತ್ತಿ ಬಂದವರು. ನಮ್ಮ ಕ್ಲಬ್ಬಿನ ನಿಯಮದ ಹಾಳೆಯಲ್ಲಿ ಒಂದು ಸಾಲಿತ್ತು: ಮೊದಲ ದೋಣಿ ಗುರಿ ಮುಟ್ಟಿದ 30 ನಿಮಿಷದೊಳಗೆ ಬಾರದ ದೋಣಿ ಡಿಎನ್ಎಫ್. ಜಗತ್ತಿನ ಎಲ್ಲ ಕಡೆ ಬಳಸುವ ವರ್ಲ್ಡ್ ಸೇಲಿಂಗ್‌ನ ರೇಸ್ ನಿಯಮ ಪುಸ್ತಕದಲ್ಲಿ ಇಂಥ ಕಟ್ಟುನಿಟ್ಟು ಇಲ್ಲ. ಒಂದು ದೋಣಿ ಸಮಯದ ಮಿತಿಯೊಳಗೆ ಮುಗಿಸಿದರೆ, ಆಮೇಲೆ ಮುಗಿಸಿದವರನ್ನೆಲ್ಲ ಎಣಿಸಬೇಕು ಅನ್ನುತ್ತದೆ ಅದು. ಕ್ಲಬ್‌ಗಳು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ನಮ್ಮವರು ಬದಲಿಸಿಕೊಂಡಿದ್ದರು. ಯಾವಾಗ ಅಂತ ಯಾರಿಗೂ ನೆನಪಿರಲಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಅಷ್ಟೇ. ಚುರುಕು ದೋಣಿಯ ಹ್ಯಾಂಡಿಕ್ಯಾಪ್ 0.800, ನಿಧಾನ ದೋಣಿಯದ್ದು 0.600. ಮಂದ ಗಾಳಿಯ ದಿನ, ಚುರುಕು ದೋಣಿ 120 ನಿಮಿಷದಲ್ಲಿ ಮುಗಿಸಿತು. ಗುಣಿಸಿದರೆ 96 ನಿಮಿಷ. ನಿಧಾನ ದೋಣಿ ಇದಕ್ಕೆ ಸಮನಾಗಲು 160 ನಿಮಿಷ ತೆಗೆದುಕೊಳ್ಳಬಹುದು, ಯಾಕೆಂದರೆ 160ನ್ನು 0.600ರಿಂದ ಗುಣಿಸಿದರೂ 96. ಅಂದರೆ 159 ನಿಮಿಷಕ್ಕೆ ಬಂದರೆ ಆ ದಿನದ ರೇಸ್ ನಿಧಾನ ದೋಣಿಯದ್ದು. ಆದರೆ 150ನೇ ನಿಮಿಷಕ್ಕೇ ಬಾಗಿಲು ಹಾಕಿ ಆಗಿದೆ! 150ಕ್ಕೆ ಸರಿಯಾಗಿ ಬರಬೇಕಾದರೆ ಅದರ ಲೆಕ್ಕದ ಸಮಯ 90 ನಿಮಿಷ ಆಗುತ್ತದೆ. ಎಂದರೆ ಚುರುಕು ದೋಣಿಯನ್ನು ಆರು ನಿಮಿಷದಿಂದ ಸೋಲಿಸಿದರೆ ಮಾತ್ರ ನಿಧಾನ ದೋಣಿಯ ಹೆಸರು ಪಟ್ಟಿಗೆ ಏರುತ್ತದೆ. ಬರಿ ಒಂದು ನಿಮಿಷದಿಂದ ಗೆದ್ದರೆ ಅದು ಕೊನೆ ಮುಟ್ಟದ ದೋಣಿ.

ನಾನು ಇದನ್ನು ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದಾಗ ಒಬ್ಬರು ನಗಲು ಶುರುಮಾಡಿದರು. ಇನ್ನೊಬ್ಬರು, ಹದಿನೆಂಟು ಅಡಿ ದೋಣಿಯವರು, ನಗಲಿಲ್ಲ.

ಅಂಕದ ಪೆಟ್ಟು ಬೇರೆ. ಈ ಆಟದಲ್ಲಿ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಮೊದಲ ಸ್ಥಾನಕ್ಕೆ 1, ಎರಡಕ್ಕೆ 2. ಡಿಎನ್ಎಫ್ ಆದರೆ ಸರಣಿಗೆ ಹೆಸರು ಕೊಟ್ಟ ಒಟ್ಟು ದೋಣಿಗಳಿಗಿಂತ ಒಂದು ಜಾಸ್ತಿ. ಬಾರದೆ ಮನೆಯಲ್ಲಿ ಕೂತವನಿಗೂ ಸರಣಿಯಲ್ಲಿ ಅಷ್ಟೇ ಅಂಕ. ಮೂರು ಗಂಟೆ ಬಿಸಿಲಲ್ಲಿ ದೋಣಿ ನಡೆಸಿ ಬಂದವನೂ ಸೋಫಾ ಮೇಲೆ ಕ್ರಿಕೆಟ್ ನೋಡಿದವನೂ ಒಂದೇ.

ಪೂರ್ತಿ ಪರ್ಫಾರ್ಮೆನ್ಸ್ ಹ್ಯಾಂಡಿಕ್ಯಾಪ್‌ಗೆ ಹೋಗೋಣ ಅಂದವರ ವಾದವೂ ಇಲ್ಲೇ ಬಿದ್ದು ಹೋಯಿತು. ಆ ಪದ್ಧತಿಗೆ ಹಿಂದಿನ ಸಮಯಗಳು ಬೇಕು. ಡಿಎನ್ಎಫ್ ಆದ ದೋಣಿಗೆ ಸಮಯವೇ ದಾಖಲಾಗುವುದಿಲ್ಲ. ಹಾಗಾಗಿ ಅದರ ಅಂಕಿ ಇಳಿಯುವುದೂ ಇಲ್ಲ. ಯಾರಿಗೆ ನೆರವು ಬೇಕಿತ್ತೋ ಅವರ ಬಗ್ಗೆ ಸಾಫ್ಟ್‌ವೇರ್‌ಗೆ ಏನೂ ಗೊತ್ತಾಗುತ್ತಿರಲಿಲ್ಲ.

ರ‍್ಯಾಂಪಿನ ಮೇಲೆ ಏಳು ಗಂಟೆ

ಇಷ್ಟು ಮಾತ್ರವಾಗಿದ್ದರೆ ನಿಯಮದ ಒಂದು ಸಾಲು ತಿದ್ದಿ ಮುಗಿಸಬಹುದಿತ್ತು. ಕುಂದಾಪುರ ಕಡೆಯ ಗೆಳೆಯನೊಬ್ಬ ಇದ್ದಾನೆ, ಹಳೆಯ ಹದಿನೆಂಟು ಅಡಿ ದೋಣಿಯ ಒಡೆಯ. ಹೆಂಡತಿ, ಎರಡು ಮಕ್ಕಳನ್ನು ಕೂರಿಸಿಕೊಂಡೇ ರೇಸ್ ಮಾಡುವವನು. ಇನ್ಮುಂದೆ ನಿನ್ನ ಸಮಯವನ್ನೂ ಎಣಿಸುತ್ತೇವೆ ಅಂತ ಅವನಿಗೆ ಫೋನ್ ಮಾಡಿ ಹೇಳಿದೆ. ಅವನು ಹೇಳಿದ್ದಿಷ್ಟು: ‘ನಾವ್ ದಡಕ್ಕೆ ಬರುವಾಗ ಬಹುಮಾನ ಕೊಟ್ಟು, ಪಾತ್ರೆ ತೊಳೆದು ಆಗಿರ್ತದೆ. ಮತ್ತೆ ಆ ಲೆಕ್ಕ ಎಲ್ಲ ಎಂತಕ್ಕೆ ಮಾರಾಯಾ?’

ಅವನ ಮಾತು ಸುಳ್ಳಲ್ಲ. ಮಾರ್ಚ್ ತಿಂಗಳ ಒಂದು ಶನಿವಾರ ನಾನೇ ರ‍್ಯಾಂಪಿನ ಮೇಲೆ ನಿಂತು ನೋಡಿದೆ. ಬೇಸಿಗೆಯ ನಡುವೆ, ಅಂದರೆ ಡಿಸೆಂಬರ್-ಜನವರಿಯಲ್ಲಿ, ಇಲ್ಲಿ ಸಂಜೆ ಎಂಟೂವರೆಯವರೆಗೂ ಬೆಳಕಿರುತ್ತದೆ. ಮಾರ್ಚ್ ಬಂದರೆ ಹಾಗಲ್ಲ. ಮಧ್ಯಾಹ್ನ ಕೊಲ್ಲಿಯ ಮೇಲೆ ದಕ್ಷಿಣದಿಂದ ಬೀಸುವ ಕಡಲಗಾಳಿ ಐದರ ಹೊತ್ತಿಗೆ ಸತ್ತು ಹೋಗುತ್ತದೆ. ಚುರುಕು ದೋಣಿಗಳು ಗಾಳಿ ಇರುವಾಗಲೇ ಮುಗಿಸಿ ಬಂದಿದ್ದವು. ಗೆಳೆಯನ ದೋಣಿ ಕೊನೆಯ ಸುತ್ತಿನಲ್ಲಿ ಗಾಳಿಯಿಲ್ಲದೆ ನಿಂತಿತು. ಕೊನೆಗೆ ಹಿಂದುಗಡೆಯ ಪುಟ್ಟ ಮೋಟಾರ್ ಇಳಿಸಿ, ರೇಸ್ ಬಿಟ್ಟು, ಗುಡುಗುಡು ಅಂತ ಬಂದ.

ಆಮೇಲಿನ ಕೆಲಸ ಶುರು. ಟ್ರೇಲರನ್ನು ನೀರಿಗೆ ಇಳಿಸುವ ಸಾಲು. ಕೀಲ್ ಮೇಲಕ್ಕೆ ಬರಲು ವಿಂಚ್ ತಿರುಗಿಸಬೇಕು, ಕಿರಕಿರ ಅಂತ ತುಂಬ ಹೊತ್ತು ತಿರುಗಿಸಬೇಕು. ದೋಣಿಯನ್ನು ಟ್ರೇಲರಿಗೆ ಹತ್ತಿಸಿ, ಮೇಲೆ ಎಳೆದು, ಹಾಯಿಯ ಬುಡದ ಅಡ್ಡಕೋಲು ಬೂಮ್ ಬಿಚ್ಚಿ, ಹಾಯಿ ಮಡಚಿ, ಮುಂದಿನ ತಂತಿ ಸಡಿಲಿಸಿ, ಮಾಸ್ಟನ್ನು ಮೆಲ್ಲಗೆ ಹಿಂದಕ್ಕೆ ಮಲಗಿಸಬೇಕು. ಹೆಂಡತಿ ಹಗ್ಗ ಹಿಡಿದು ಸಡಿಲ ಬಿಡುತ್ತಿದ್ದಳು, ಅವನು ಕ್ಯಾಬಿನ್ ಮೇಲೆ ನಿಂತು ಹೆಗಲ ಮೇಲೆ ಮಾಸ್ಟ್ ಹೊತ್ತು ಇಳಿಸುತ್ತಿದ್ದ. ಅಲ್ಯೂಮಿನಿಯಂ ಮಾಸ್ಟ್ ಕರೆಂಟ್ ತಂತಿಗೆ ತಾಗಿದರೆ ಕತೆ ಮುಗಿಯಿತು. ಅದಕ್ಕೇ ರ‍್ಯಾಂಪಿನ ಪಕ್ಕದಲ್ಲಿ ‘ಮೇಲೆ ನೋಡಿ’ ಅನ್ನುವ ಹಲಗೆ ಇರುತ್ತದೆ. ಕತ್ತಲಾದ ಮೇಲೆ ಮೇಲೆ ನೋಡಿದರೂ ತಂತಿ ಕಾಣುವುದಿಲ್ಲ. ಚಿಕ್ಕವಳು ಕಾರಿನಲ್ಲಿ ನಿದ್ದೆ ಹೋಗಿದ್ದಳು. ದೊಡ್ಡವನು ಹಸಿವು ಅಂತ ಎರಡು ಸಲ ಹೇಳಿ ಸುಮ್ಮನಾದ. ಕ್ಲಬ್ಬಿನ ಬಾರ್ಬೆಕ್ಯೂ ತಟ್ಟೆಯನ್ನು ಯಾರೋ ಉಜ್ಜಿ ಕವುಚಿ ಹಾಕಿದ್ದರು.

ಹ್ಯಾಂಡಿಕ್ಯಾಪ್ ನಿಮಿಷಗಳನ್ನು ಸರಿದೂಗಿಸುತ್ತದೆ. ಆದರೆ ನಿಧಾನ ದೋಣಿಯವರು ಆ ಹೆಚ್ಚಿನ ನಲವತ್ತು ನಿಮಿಷವನ್ನು ನೀರಿನ ಮೇಲೆ ನಿಜವಾಗಿ ಕಳೆಯಲೇಬೇಕಲ್ವಾ? ಅಷ್ಟರಲ್ಲಿ ಗಾಳಿ ಬಿದ್ದರೆ ನಲವತ್ತು ಎಂಬತ್ತಾಗುತ್ತದೆ. ರ‍್ಯಾಂಪಿನ ಸಾಲಿನಲ್ಲಿ ಕೊನೆಯವರಾಗುತ್ತಾರೆ. ಹರಟೆ, ಊಟ, ಬಹುಮಾನ ಎಲ್ಲ ತಪ್ಪುತ್ತದೆ. ವಾರಾಂತ್ಯದ ರೇಸಿಗೆ ಬರುವವರಲ್ಲಿ ಬಹಳ ಮಂದಿ ಬರುವುದೇ ಆ ಹರಟೆಗೆ. ಕ್ಲಬ್ ಖಾಲಿಯಾಗುತ್ತಿದ್ದದ್ದು ಇದರಿಂದ ಅನ್ನುವುದು ನನ್ನ ಅಭಿಪ್ರಾಯ. ಜನ ಹ್ಯಾಂಡಿಕ್ಯಾಪನ್ನು ದೂರಿದ್ದು ಯಾಕೆಂದರೆ ಅದನ್ನು ದೂರುವುದು ಸುಲಭ. ‘ನನಗೆ ಊಟ ಸಿಗಲಿಲ್ಲ’ ಅಂತ ಸಭೆಯಲ್ಲಿ ಎದ್ದು ನಿಂತು ಯಾರು ಹೇಳುತ್ತಾರೆ?

30 ನಿಮಿಷದ ನಿಯಮ ಮಾಡಿದವರು ಕೆಟ್ಟವರೇನಲ್ಲ. ಸ್ಟಾರ್ಟ್ ಬೋಟಿನಲ್ಲಿ ಕೂತು ಬಾವುಟ ಏರಿಸುವವರು, ಸಮಯ ಬರೆಯುವವರು ಎಲ್ಲರೂ ಬಿಟ್ಟಿ ಕೆಲಸದವರು, ಬಹಳಷ್ಟು ಮಂದಿ ಎಪ್ಪತ್ತು ದಾಟಿದವರು. ಪೋರ್ಟ್ ಫಿಲಿಪ್ ಸುಮಾರು 1,930 ಚದರ ಕಿಲೋಮೀಟರ್ ಹರಡಿದ ಕೊಲ್ಲಿ. ಅತಿ ಆಳದ ಜಾಗದಲ್ಲೂ 24 ಮೀಟರ್ ಅಷ್ಟೇ. ಇಷ್ಟು ಅಗಲ, ಇಷ್ಟು ಕಡಿಮೆ ಆಳ. ಗಾಳಿ ಎದ್ದರೆ ಗಿಡ್ಡ, ಕಡಿದಾದ ಅಲೆಗಳು ಒಂದರ ಹಿಂದೆ ಒಂದು ಬರುತ್ತವೆ. ಲಂಗರು ಹಾಕಿದ ಸಣ್ಣ ಬೋಟಿನಲ್ಲಿ ಮೂರು ಗಂಟೆ ಕೂತು ನೋಡಿ, ಗೊತ್ತಾಗುತ್ತದೆ. ದೋಣಿಗಳೆಲ್ಲ ಹೆಚ್ಚು ಕಡಿಮೆ ಒಂದೇ ವೇಗದವು ಆಗಿದ್ದ ಕಾಲಕ್ಕೆ ಅರ್ಧ ಗಂಟೆ ಧಾರಾಳವಾಗಿತ್ತು. ಒಂದು ಚುರುಕು ದೋಣಿ ಬಂದು ಸಾಲನ್ನು ಉದ್ದ ಎಳೆಯಿತು, ಆ ಅರ್ಧ ಗಂಟೆ ಸಾಲದೆ ಹೋಯಿತು.

ನಿಧಾನ ದೋಣಿ ಮೊದಲು

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಹಾಗೆ ಸಮಿತಿ ಒಂದು ದಾರಿ ಹುಡುಕಿತು. ಎರಡು ಶನಿವಾರಕ್ಕೊಮ್ಮೆ ಪರ್ಸ್ಯೂಟ್ ರೇಸ್. ಇದು ಹೊಸದೇನಲ್ಲ, ಬೇಕಾದಷ್ಟು ಕ್ಲಬ್‌ಗಳಲ್ಲಿ ಇದೆ. ಇದರಲ್ಲಿ ಹ್ಯಾಂಡಿಕ್ಯಾಪನ್ನು ಕೊನೆಯಲ್ಲಿ ಗುಣಿಸುವುದಿಲ್ಲ, ಶುರುವಿನಲ್ಲೇ ಕೊಟ್ಟುಬಿಡುತ್ತಾರೆ. ನಿಧಾನ ದೋಣಿ ಮೊದಲು ಹೊರಡುತ್ತದೆ, ಚುರುಕು ದೋಣಿ ಕೊನೆಗೆ. ಗುರಿ ಯಾರು ಮೊದಲು ಮುಟ್ಟುತ್ತಾರೋ ಅವರೇ ಗೆದ್ದವರು. ಲೆಕ್ಕ ಸರಿಯಿದ್ದರೆ ಎಲ್ಲರೂ ಹೆಚ್ಚು ಕಡಿಮೆ ಒಟ್ಟಿಗೆ ಬರುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ.

ಲೆಕ್ಕ ಕಷ್ಟದ್ದಲ್ಲ. 0.800ರ ದೋಣಿ 60 ನಿಮಿಷದಲ್ಲಿ ಮುಗಿಸುವಷ್ಟು ಉದ್ದದ ಕೋರ್ಸ್ ಹಾಕಿದ್ದೇವೆ ಅನ್ನಿ. ಗುಣಿಸಿದರೆ 48. ಅದೇ 48ನ್ನು 0.600ರಿಂದ ಭಾಗಿಸಿದರೆ 80 ನಿಮಿಷ, 0.700ರಿಂದ ಭಾಗಿಸಿದರೆ 68 ನಿಮಿಷ 34 ಸೆಕೆಂಡ್. ಹಾಗಾದರೆ 0.600ರ ದೋಣಿ ಸರಿಯಾಗಿ 2 ಗಂಟೆಗೆ ಹೊರಟರೆ, 0.700ರದ್ದು 2 ಗಂಟೆ 11 ನಿಮಿಷ 26 ಸೆಕೆಂಡಿಗೆ, 0.800ರದ್ದು 2 ಗಂಟೆ 20 ನಿಮಿಷಕ್ಕೆ. ಈ ಪಟ್ಟಿಯನ್ನು ಬೆಳಿಗ್ಗೆಯೇ ಹಲಗೆಯ ಮೇಲೆ ಬರೆದು ಹಾಕುತ್ತೇವೆ. ಮಾಮೂಲಿ ರೇಸಿನಲ್ಲಿ ಬಾವುಟದ ಲೆಕ್ಕ ಇರುತ್ತದೆ: ಐದು ನಿಮಿಷಕ್ಕೆ ಒಂದು, ನಾಲ್ಕಕ್ಕೆ ಇನ್ನೊಂದು, ಒಂದಕ್ಕೆ ಎರಡನೆಯದು ಇಳಿಯುತ್ತದೆ, ಸೊನ್ನೆಗೆ ಮೊದಲನೆಯದೂ ಇಳಿದು ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಪರ್ಸ್ಯೂಟ್‌ನಲ್ಲಿ ಆ ನೂಕುನುಗ್ಗಲು ಇಲ್ಲ. ಅವರವರ ಫೋನಿನ ಗಡಿಯಾರ ನೋಡಿಕೊಂಡು ಅವರವರ ಹೊತ್ತಿಗೆ ಗೆರೆ ದಾಟಬೇಕು.

ಮೊದಲ ಪರ್ಸ್ಯೂಟ್ ದಿನ ಹದವಾದ ಗಾಳಿ ಇತ್ತು. ಕುಂದಾಪುರದ ಗೆಳೆಯ ಎಲ್ಲರಿಗಿಂತ ಮೊದಲು ಹೊರಟ. ಮಕ್ಕಳು ಹಿಂದೆ ತಿರುಗಿ ಕೂತು, ಯಾರು ಯಾರು ಹತ್ತಿರ ಬಂದರು ಅಂತ ಅಪ್ಪನಿಗೆ ವರದಿ ಒಪ್ಪಿಸುತ್ತಿದ್ದರಂತೆ. ಅಷ್ಟು ದಿನ ಅವರು ರೇಸಿನಲ್ಲಿ ನೋಡಿದ್ದು ಬೇರೆಯವರ ಬೆನ್ನು ಮಾತ್ರ. ಕೊನೆಯ ಹತ್ತು ನಿಮಿಷ ಇಡೀ ಗುಂಪು ಒಂದೇ ಕಡೆ ಬಂದು ಸೇರಿತು. ದಡದಲ್ಲಿದ್ದವರೂ ಎದ್ದು ನಿಂತು ನೋಡಿದರು. ಗೆದ್ದದ್ದು ನಡುವಿನ ವೇಗದ ಒಂದು ದೋಣಿ. ಗೆಳೆಯನಿಗೆ ನಾಲ್ಕನೇ ಜಾಗ, ಊಟವೂ ಬಿಸಿಯಾಗಿ ಸಿಕ್ಕಿತು.

ಆದರೆ ಪರ್ಸ್ಯೂಟ್ ರೇಸಿಗೆ ತನ್ನದೇ ಆದ ಕಾಯಿಲೆ ಇದೆ. ಹೊರಡುವ ಅಂತರವನ್ನು ನಾವು ಬೆಳಿಗ್ಗೆಯೇ ನಿಗದಿ ಮಾಡಿಬಿಟ್ಟಿರುತ್ತೇವೆ. ಗಾಳಿ ನಮ್ಮ ಪಟ್ಟಿ ನೋಡಿಕೊಂಡು ಬೀಸುವುದಿಲ್ಲವಲ್ಲ. ಗಾಳಿ ಮಂದವಾಗಿ ಚುರುಕು ದೋಣಿ 60ರ ಬದಲು 90 ನಿಮಿಷ ತೆಗೆದುಕೊಂಡರೆ ನಿಧಾನ ದೋಣಿಗೆ 120 ನಿಮಿಷ ಬೇಕು. ಅಂತರ 30 ಇರಬೇಕಿತ್ತು, ಕೊಟ್ಟದ್ದು 20. ಚುರುಕು ದೋಣಿ ಹತ್ತು ನಿಮಿಷ ಮೊದಲೇ ಗುರಿ ಮುಟ್ಟುತ್ತದೆ. ಗಾಳಿ ಜೋರಾದರೆ ತಿರುಗುಮುರುಗು: ಚುರುಕಿನದ್ದು 45, ನಿಧಾನದ್ದು 60, ಬೇಕಾದ ಅಂತರ 15 ಮಾತ್ರ. ಆಗ ನಿಧಾನ ದೋಣಿ ಐದು ನಿಮಿಷ ಮೊದಲು ಬಂದು ಗೆಲ್ಲುತ್ತದೆ. ಎರಡನೆಯ ಪರ್ಸ್ಯೂಟ್ ದಿನ ಗಾಳಿ ಬಿತ್ತು, ಸ್ಪೋರ್ಟ್ಸ್ ಬೋಟ್ ಎಲ್ಲರನ್ನೂ ದಾಟಿ ಗೆದ್ದಿತು. ಮತ್ತೆ ಅದೇ ಗುಸುಗುಸು ಶುರುವಾಯಿತು.

ಇದಕ್ಕಿಂತ ಗಂಭೀರವಾದದ್ದು ಮೂರನೆಯ ಸಲ ಆಯಿತು. ಎಲ್ಲರೂ ಒಟ್ಟಿಗೆ ಬರುತ್ತಾರೆ ಅಂದರೆ ಎಲ್ಲರೂ ಕೊನೆಯ ಬೋಯ್ (ಸುತ್ತಿ ತಿರುಗಬೇಕಾದ ತೇಲುಗುರುತು) ಹತ್ತಿರವೂ ಒಟ್ಟಿಗೆ ಬರುತ್ತಾರೆ ಅಂತಲೇ ಅರ್ಥ. ನಿಯಮದ ಪ್ರಕಾರ ಬೋಯ್‌ನಿಂದ ಮೂರು ದೋಣಿ ಉದ್ದದ ವಲಯದೊಳಗೆ ಯಾರು ಮುಂದೆ ಬಂದರೋ ಅವರಿಗೆ ತಿರುಗಲು ಹಿಂದಿನವರು ಜಾಗ ಬಿಡಬೇಕು. ಪಕ್ಕಪಕ್ಕದಲ್ಲಿ ಬಂದರೆ ಹೊರಗಿನವರು ಒಳಗಿನವರಿಗೆ ಬಿಡಬೇಕು. ಎರಡು ಕುಟುಂಬ ದೋಣಿಗಳು ಅಕ್ಕಪಕ್ಕ ನಿಧಾನವಾಗಿ ತಿರುಗುತ್ತಿದ್ದವು. ಹಿಂದಿನಿಂದ ಸ್ಪೋರ್ಟ್ಸ್ ಬೋಟ್ ಸ್ಪಿನಕರ್ ಉಬ್ಬಿಸಿಕೊಂಡು ಅವುಗಳ ಎರಡರಷ್ಟು ವೇಗದಲ್ಲಿ ಬಂತು. ಅದರ ಸ್ಕಿಪ್ಪರ್ ಪರಿಸ್ಥಿತಿ ನೋಡಿ ಹೊರಗಿನಿಂದ ದೂರ ಸುತ್ತಿ ಹೋದರು, ಎರಡು ಜಾಗ ಕಳೆದುಕೊಂಡರು. ಅವರ ಹಿಂದೆ ಬಂದ ಇನ್ನೊಂದು ದೋಣಿ ಹಾಗೆ ಮಾಡಲಿಲ್ಲ. ಇಲ್ಲದ ಜಾಗಕ್ಕೆ ಮೂತಿ ತೂರಿಸಿತು. ಫೈಬರ್‌ಗ್ಲಾಸಿಗೆ ಫೈಬರ್‌ಗ್ಲಾಸ್ ತಿಕ್ಕಿದ ಸದ್ದು ಸ್ಟಾರ್ಟ್ ಬೋಟ್‌ವರೆಗೂ ಕೇಳಿಸಿತು. ಯಾರಿಗೂ ಪೆಟ್ಟಾಗಲಿಲ್ಲ. ತಪ್ಪು ಮಾಡಿದವರು ಎರಡು ಸುತ್ತು ತಿರುಗಿ ದಂಡ ತೀರಿಸಿದರು. ಆದರೆ ಒಂದು ಮಗು ಅತ್ತದ್ದನ್ನು ಎಲ್ಲರೂ ಕೇಳಿದರು.

ಆಮೇಲೆ ಕೋರ್ಸ್ ಬದಲಾಯಿಸಿದೆವು. ಸ್ಪಿನಕರ್ ಹಾಕಿಕೊಂಡು ಓಡುವ ಭಾಗ ಕೊನೆಯಲ್ಲಿ ಬಾರದಂತೆ, ಗಾಳಿಗೆ ಎದುರಾಗಿ ಅಂಕುಡೊಂಕಾಗಿ ಸಾಗುವ ಉದ್ದದ ಭಾಗ ಕೊನೆಗೆ ಬರುವಂತೆ. ಎದುರುಗಾಳಿಯಲ್ಲಿ ದೋಣಿಗಳು ಎಡಕ್ಕೊಂದು ಬಲಕ್ಕೊಂದು ಹರಡಿಕೊಳ್ಳುತ್ತವೆ, ಒಂದೇ ಕಡೆ ಗುಂಪಾಗುವುದಿಲ್ಲ.

ಸ್ಪೋರ್ಟ್ಸ್ ಬೋಟಿನವರ ಬಗ್ಗೆ ಒಂದು ಮಾತು ಹೇಳಲೇಬೇಕು. ಊರೆಲ್ಲ ಅವರನ್ನು ಖಳನಾಯಕ ಮಾಡಿಟ್ಟಿತ್ತು. ಅವರು ತಮ್ಮ ದುಡ್ಡಿನಿಂದ ಒಳ್ಳೆಯ ದೋಣಿ ತಂದು ಚೆನ್ನಾಗಿ ನಡೆಸಿದರು, ಅಷ್ಟೇ. ಪರ್ಸ್ಯೂಟ್ ರೇಸ್ ಅವರಿಗೆ ಇಷ್ಟವಿಲ್ಲ. ಇಪ್ಪತ್ತು ನಿಮಿಷ ಸುಮ್ನೆ ಸುತ್ತುತ್ತಾ ಕಾದು, ಒಬ್ಬರೇ ಗೆರೆ ದಾಟುವುದರಲ್ಲಿ ಏನು ಮಜಾ ಅನ್ನುತ್ತಾರೆ. ಸ್ಟಾರ್ಟ್ ಗೆರೆಯ ಮೇಲಿನ ಜಟಾಪಟಿಯೇ ರೇಸಿನ ಅರ್ಧ ರುಚಿ ಅನ್ನುವ ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಎರಡು ವಾರಕ್ಕೊಮ್ಮೆ ಮಾಮೂಲಿ ರೇಸ್ ಉಳಿಸಿಕೊಂಡದ್ದು ಅವರಿಗಾಗಿಯೇ.

ಆ ಮಾಮೂಲಿ ರೇಸಿಗೆ ಡಿಎನ್ಎಫ್ ಕಾಟ ತಪ್ಪಿಸಲು ಇನ್ನೊಂದು ಉಪಾಯ ಮಾಡಿದೆವು. ಒಂದೇ ಉದ್ದ ಸುತ್ತಿನ ಬದಲು ಮೂರು ಸಣ್ಣ ಸುತ್ತು. ಪ್ರತಿ ಸುತ್ತಿಗೂ ದೋಣಿ ಸ್ಟಾರ್ಟ್ ಬೋಟಿನ ಗೆರೆ ದಾಟಬೇಕು, ಪ್ರತಿ ಸಲವೂ ಸಮಯ ಬರೆದಿಡುತ್ತೇವೆ. 30 ನಿಮಿಷದ ಬಾಗಿಲು ಹಾಗೇ ಉಳಿಯಿತು, ಮುದುಕರು ಹೊತ್ತಿಗೆ ಸರಿಯಾಗಿ ದಡಕ್ಕೆ ಬರಬೇಕಲ್ಲ. ಆದರೆ ಬಾಗಿಲು ಹಾಕುವಾಗ ಇನ್ನೂ ಮೂರನೇ ಸುತ್ತಿನಲ್ಲಿರುವ ದೋಣಿಗೆ ಡಿಎನ್ಎಫ್ ಇಲ್ಲ. ಅದರ ಮುಗಿದ ಸುತ್ತುಗಳ ಸರಾಸರಿ ತೆಗೆದು ಮೂರಕ್ಕೆ ಹಿಗ್ಗಿಸುತ್ತೇವೆ. ಹಿಂದಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ನಿಧಾನ ದೋಣಿ ಎರಡು ಸುತ್ತನ್ನು 104 ನಿಮಿಷದಲ್ಲಿ ಮುಗಿಸಿದ್ದರೆ ಸುತ್ತಿಗೆ 52, ಮೂರಕ್ಕೆ 156. ಅದನ್ನು 0.600ರಿಂದ ಗುಣಿಸಿದರೆ 93.6. ಚುರುಕು ದೋಣಿಯದ್ದು 96. ಹಳೆಯ ನಿಯಮದಲ್ಲಿ ಕೊನೆ ಮುಟ್ಟದ ದೋಣಿ ಈಗ ಎರಡೂವರೆ ನಿಮಿಷಕ್ಕೆ ಸ್ವಲ್ಪ ಕಡಿಮೆ ಅಂತರದಿಂದ ಗೆದ್ದಿತು. ಮೂರನೇ ಸುತ್ತಿನಲ್ಲಿ ಗಾಳಿ ಸತ್ತಿರುತ್ತದೆ, ಸರಾಸರಿಯಲ್ಲಿ ಅದು ಬರುವುದಿಲ್ಲ, ಇದು ನಿಧಾನದವರಿಗೆ ಕೊಟ್ಟ ಉಡುಗೊರೆ ಅಂತ ಸ್ಪೋರ್ಟ್ಸ್ ಬೋಟಿನವರ ಆಕ್ಷೇಪ. ಆಕ್ಷೇಪ ಸರಿಯಾಗಿಯೇ ಇದೆ. ಸಮಿತಿ ಕೇಳಿಸಿಕೊಂಡು ನಿಯಮವನ್ನು ಹಾಗೇ ಇಟ್ಟಿತು.

ಹೋದವರೆಲ್ಲ ತಿರುಗಿ ಬಂದರಾ ಅಂದರೆ, ಇಲ್ಲ. ಕೆಲವರು ಬಂದರು, ಹೆಚ್ಚಾಗಿ ಪರ್ಸ್ಯೂಟ್ ದಿನಗಳಿಗೆ. ಇಬ್ಬರು ಅಷ್ಟರಲ್ಲಿ ದೋಣಿಯನ್ನೇ ಮಾರಿದ್ದರು. ಒಬ್ಬರು ರೇಸಿನ ಸಹವಾಸ ಸಾಕು ಅಂತ ಗಾಳ ಹಾಕಿಕೊಂಡು ಮೀನು ಹಿಡಿಯುತ್ತಾ ಕೂರುತ್ತಾರೆ, ನಾವು ಪಕ್ಕದಲ್ಲಿ ಹೋದರೆ ಬಿಯರ್ ಕ್ಯಾನ್ ಎತ್ತಿ ತೋರಿಸುತ್ತಾರೆ. ಸಭೆಯಲ್ಲಿ ಅತಿ ಜೋರಾಗಿ ಕೂಗಾಡಿದವರು ಒಂದು ರೇಸನ್ನೂ ತಪ್ಪಿಸಿಕೊಂಡಿಲ್ಲ, ಈಗಲೂ ಕೂಗಾಡುತ್ತಾರೆ.

ಸದ್ಯಕ್ಕೆ ತಲೆನೋವು ಇರುವುದು ಪರ್ಸ್ಯೂಟ್ ರೇಸಿನ ಫಿನಿಶ್ ಗೆರೆಯಲ್ಲಿ. ಹತ್ತು ದೋಣಿಗಳು ಒಂದೆರಡು ನಿಮಿಷದಲ್ಲಿ ದಾಟಿದರೆ, ಒಂದರ ಹಾಯಿ ಇನ್ನೊಂದರ ನಂಬರನ್ನು ಮುಚ್ಚುತ್ತದೆ. ಪೆನ್ನು ಹಿಡಿದು ಬರೆಯುವಷ್ಟರಲ್ಲಿ ಇನ್ನೆರಡು ಹೋಗಿರುತ್ತವೆ. ಈಗ ಒಬ್ಬರು ಗೆರೆಗೆ ಕಣ್ಣಿಟ್ಟು ನಂಬರ್ ಕೂಗುತ್ತಾರೆ, ಇನ್ನೊಬ್ಬರು ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡುತ್ತಾರೆ, ನಾನು ರಾತ್ರಿ ಕೂತು ಅದನ್ನು ಕೇಳಿ ಪಟ್ಟಿ ಮಾಡುತ್ತೇನೆ. ಗಾಳಿಯ ಸದ್ದಿನಲ್ಲಿ ಆರು ಒಂಬತ್ತಿನ ಹಾಗೆ ಕೇಳುತ್ತದೆ ಅಂತಲ್ಲ, ಕೂಗುವವರಿಗೇ ಹಾಯಿಯ ಮೇಲೆ ಆರು ಯಾವುದು ಒಂಬತ್ತು ಯಾವುದು ಅಂತ ಕಾಣುವುದಿಲ್ಲ. ಅಕ್ಟೋಬರ್‌ಗೆ ಮುಂಚೆ ಎಲ್ಲರೂ ದೋಣಿಯ ಮೂತಿಗೆ ದೊಡ್ಡ ಬಣ್ಣದ ನಂಬರ್ ಅಂಟಿಸಬೇಕು ಅಂತ ಸುತ್ತೋಲೆ ಹೋಗಿದೆ. ಇಷ್ಟರವರೆಗೆ ಅಂಟಿಸಿರುವುದು ಸ್ಪೋರ್ಟ್ಸ್ ಬೋಟಿನವರೊಬ್ಬರೇ.